ಅತ್ತೆಯನ್ನು ಮರೆತ ಸಂಶೋಧನೆಗೆ ನಾನೇಕೆ ಸಹಿ ಹಾಕಲಿ?

ಆಸ್ಪತ್ರೆಗೆ ಅಧೀಕ್ಷಕರೂ ಅಧ್ಯಯನ ಕೇಂದ್ರಕ್ಕೆ ನಿರ್ದೇಶಕರೂ ಆಗಿರುವ ಮಾನ್ಯರೇ,

ನನ್ನ ನರ್ಸಿಂಗ್ ಪದವಿ ಪತ್ರ, ನೋಂದಣಿ ಪತ್ರ ಮತ್ತು ಅಂಕಪಟ್ಟಿಗಳ ಮೂಲಪ್ರತಿಗಳು ಎರಡು ವರ್ಷದಿಂದ ನಿಮ್ಮ ಬೀರುವಿನಲ್ಲಿವೆ. ಹಿಂದಿರುಗಿಸಿ ಎಂದು ಕೇಳಿದರೆ, ಮೊದಲು ಒಂದು ಸುಳ್ಳಿಗೆ ಸಹಿ ಹಾಕು ಎನ್ನುತ್ತೀರಿ. ಬರುವ ಬುಧವಾರ ಸರ್ಕಾರಿ ಶುಶ್ರೂಷಕಿಯರ ಹುದ್ದೆಗೆ ಮೂಲ ದಾಖಲೆಗಳ ಪರಿಶೀಲನೆಯಿದೆ. ಆಯ್ಕೆಯಾದವರಲ್ಲಿ ನನ್ನ ಹೆಸರೂ ಇದೆ. ನನ್ನ ವಯಸ್ಸಿಗೆ ಇದೇ ಕೊನೆಯ ಅವಕಾಶ. ಝೆರಾಕ್ಸ್ ಪ್ರತಿ ತಂದವರನ್ನು ಬಾಗಿಲಿನಿಂದಲೇ ಕಳಿಸುತ್ತಾರಂತೆ. ನಾನು ಸಹಿ ಹಾಕಿದರೆ ಅದೇ ಸಂಜೆ ಬೀರುವಿನ ಬಾಗಿಲು ತೆರೆಯುತ್ತದೆ ಎಂದು ನೀವೇ ಬಾಯಿಬಿಟ್ಟು ಹೇಳಿದ್ದೀರಿ. ಇಷ್ಟು ಸರಳವಾದ ವ್ಯವಹಾರವನ್ನು ಪತ್ರಿಕೆಯವರೆಗೆ ಎಳೆದು ತಂದ ಈ ಹಠಮಾರಿ ಹೆಂಗಸು ಯಾರು ಎಂದು ಓದುಗರು ಕೇಳಬಹುದು. ಹೇಳುತ್ತೇನೆ.

ನಾನು ಮಥುರಾಬಾಯಿ. ನಿಮ್ಮ ಸಂಸ್ಥೆ ಕಮಲಾಪುರದಲ್ಲಿ ನಡೆಸುತ್ತಿರುವ ಚಿಕ್ಕ ದವಾಖಾನೆಯ ನರ್ಸ್. ನನ್ನ ಮನೆ ಇರುವುದು ಕಲಬುರಗಿಯಲ್ಲಿ. ಗಂಡ ಗೋಪಾಲರಾವ್ ನೆಹರು ಗಂಜ್ ಪೇಟೆಯ ಒಂದು ಬೇಳೆ ಅಂಗಡಿಯಲ್ಲಿ ಗುಮಾಸ್ತ. ಮನೆಯಲ್ಲಿ ಅತ್ತೆ ಮುಕ್ತಾಬಾಯಿ ಇದ್ದಾರೆ, ವಿಠ್ಠಲನ ಪಟ ಇದೆ, ಬಾಗಿಲಲ್ಲಿ ತುಳಸಿಯಿದೆ. ಇಲ್ಲದಿರುವವಳು ನಾನೊಬ್ಬಳೇ. ಮದುವೆಯಾದಂದಿನಿಂದ ವಾರಕ್ಕೊಮ್ಮೆ ಬರುವ ಅತಿಥಿಯ ಹಾಗೆ ಆ ಮನೆಗೆ ಹೋಗುತ್ತಿದ್ದೆ. ನಿಮ್ಮ ಕೋರ್ಸಿಗೆ ಸೇರಿದ ಮೇಲೆ ಅದೂ ತಪ್ಪಿತು.

ಕೋರ್ಸಿನ ಜಾಹೀರಾತು ನನಗೆ ಈಗಲೂ ಬಾಯಿಪಾಠ. ಆರೋಗ್ಯ ವೃತ್ತಿಪರರಿಗಾಗಿ ಕ್ಲಿನಿಕಲ್ ರಿಸರ್ಚ್‌ನಲ್ಲಿ ಅರೆಕಾಲಿಕ ಸ್ನಾತಕೋತ್ತರ ಡಿಪ್ಲೊಮಾ. ನೌಕರಿ ಬಿಡಬೇಕಿಲ್ಲ, ಭಾನುವಾರ ಮಾತ್ರ ಪಾಠ. ನೌಕರಿ ಬಿಡಬೇಕಿಲ್ಲ ಎಂಬುದರ ನಿಜವಾದ ಅರ್ಥ ಬಿಡಲು ಬಿಡುವುದಿಲ್ಲ ಎಂದು ಯಾರಿಗೆ ಗೊತ್ತಿತ್ತು? ಸಂಸ್ಥೆಯ ನೌಕರರಿಗೆ ರಿಯಾಯಿತಿಯಿದೆ ಎಂದಿರಿ. ಕೋರ್ಸ್ ಮುಗಿಯುವವರೆಗೆ ಕಮಲಾಪುರದಲ್ಲೇ ಇರಬೇಕು ಎಂದಿರಿ. ಮೂಲಪ್ರತಿಗಳು ನಮ್ಮ ಬಳಿ ಭದ್ರವಾಗಿರುತ್ತವೆ, ಕೋರ್ಸ್ ಮುಗಿದಾಗ ಇಲ್ಲವೇ ನಾವೇ ಕೆಲಸದಿಂದ ತೆಗೆದರೆ ಹಿಂದಿರುಗಿಸುತ್ತೇವೆ ಎಂದಿರಿ. ಮೂರಕ್ಕೂ ಹೂಂ ಎಂದೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಮಾತನ್ನು ನಾನು ಕೇಳಿರಲಿಲ್ಲವೆಂದಲ್ಲ. ಇಸ್ಕೊಂಡವರು ವೈದ್ಯರಾಗಿದ್ದರಿಂದ ನೆನಪಾಗಲಿಲ್ಲ ಅಷ್ಟೇ.

ಪಾಠದ ಬಗ್ಗೆ ದೂರಿಲ್ಲ. ಸತ್ಯ ಹೇಳಬೇಕಲ್ಲ. ಸೂಪರ್ ಮಾರ್ಕೆಟ್‌ನ ಸೀರೆ ಅಂಗಡಿಯ ಮೇಲಿನ ಆ ಕೋಣೆಯಲ್ಲಿ, ಕೆಳಗಿನಿಂದ ಆಟೋಗಳ ಹಾರನ್ನೂ ಹೊಸ ಬಟ್ಟೆಯ ಗಂಜಿಯ ವಾಸನೆಯೂ ಬರುತ್ತಿರುವಾಗ, ನಾನು ಜೀವನದಲ್ಲಿ ಮೊದಲ ಬಾರಿಗೆ ಔಷಧಿಯೊಂದು ಔಷಧಿ ಎನಿಸಿಕೊಳ್ಳುವ ಮುನ್ನ ಏನೆಲ್ಲ ಪರೀಕ್ಷೆ ದಾಟಬೇಕು ಎಂಬುದನ್ನು ಕಲಿತೆ. ರೋಗಿಗಳನ್ನು ಎರಡು ಗುಂಪು ಮಾಡುವುದೇಕೆ, ಯಾವ ಗುಂಪಿಗೆ ಯಾವ ಗುಳಿಗೆ ಎಂಬುದನ್ನು ಕೊಡುವವರಿಗೂ ತಿಳಿಸದಿರುವುದೇಕೆ, ಎಲ್ಲ ಕಲಿತೆ. ಸಂತೋಷವಾಗುತ್ತಿತ್ತು. ಹುಮನಾಬಾದ್ ಕಡೆಯ ಬಸ್ಸಿನಲ್ಲಿ ನಿಂತುಕೊಂಡೇ ಕಮಲಾಪುರಕ್ಕೆ ವಾಪಸಾಗುವಾಗಲೂ ತಲೆಯಲ್ಲಿ ಅದೇ ಓಡುತ್ತಿತ್ತು. ಮನೆ ಅಲ್ಲಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರವಿದ್ದರೂ ಮನೆಗೆ ಹೋಗಿ ಬಸ್ ಹಿಡಿಯುವಷ್ಟು ಹೊತ್ತಿರುತ್ತಿರಲಿಲ್ಲ. ಗೋಪಾಲರಾವ್ ಬಸ್ ಸ್ಟ್ಯಾಂಡಿಗೇ ಬಂದು ಊಟದ ಡಬ್ಬಿ ಕೊಟ್ಟುಹೋಗುತ್ತಿದ್ದರು. ಕೈದಿಗಳನ್ನು ನೋಡಲು ಬರುವವರಿಗೂ ಸ್ವಲ್ಪ ಹೆಚ್ಚು ಸಮಯ ಕೊಡುತ್ತಾರೆ.

ನಿಮ್ಮ ಪಾಠಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಪ್ಪಿಗೆಯ ಪಾಠ. ಅಧ್ಯಯನಕ್ಕೆ ಸೇರಿದ ರೋಗಿ ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಿಲ್ಲ, ಅದರಿಂದ ಆಕೆಗೆ ಯಾವ ನಷ್ಟವೂ ಆಗಕೂಡದು. ಕಮಲಾಪುರದ ಹೆಂಗಸರನ್ನು ನಮ್ಮ ಅಧ್ಯಯನಕ್ಕೆ ಸೇರಿಸಿಕೊಳ್ಳುವಾಗ ಈ ವಾಕ್ಯವನ್ನು ಒಬ್ಬೊಬ್ಬರಿಗೂ ಅವರ ಮಾತಿನಲ್ಲಿ ಬಿಡಿಸಿ ಹೇಳಿದ್ದೇನೆ. ಬೇಡವೆನ್ನಲು ಬಾರದ ಕಡೆ ಹೂಂ ಎನ್ನುವುದಕ್ಕೆ ಅರ್ಥವಿಲ್ಲ ಎಂದು ತರಗತಿಯಲ್ಲಿ ನೀವೇ ಮೇಜು ತಟ್ಟಿ ಹೇಳಿದ್ದಿರಿ. ಮಾನ್ಯರೇ, ಇದನ್ನು ನಮಗೆ, ಅಂದರೆ ನಿಮ್ಮ ವಿದ್ಯಾರ್ಥಿಗಳಿಗೆ, ಯಾರೂ ಏಕೆ ಓದಿ ಹೇಳಲಿಲ್ಲ? ನಿಮ್ಮ ರೋಗಿಗಿರುವ ಹಕ್ಕು ನಿಮ್ಮ ನರ್ಸ್‌ಗೆ ಇಲ್ಲವೇ?

ಈಗ ಅಸಲಿ ವಿಷಯಕ್ಕೆ ಬರುತ್ತೇನೆ.

ಅಧ್ಯಯನ ಇದ್ದದ್ದು ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಗುಳಿಗೆಯ ಮೇಲೆ. ಒಂದು ಹಳೆಯ ಗುಳಿಗೆ, ಇನ್ನೊಂದು ಹೊಸದು. ನೋಡಲು ಎರಡೂ ಒಂದೇ ಥರ. ಡಬ್ಬಿಯ ಮೇಲಿನ ಗುರುತು ಮಾತ್ರ ಬೇರೆ. ರಕ್ತ ಕಡಿಮೆಯಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಒಂದು, ಉಳಿದರ್ಧಕ್ಕೆ ಇನ್ನೊಂದು. ತಿಂಗಳು ಮುಗಿದಾಗ ಖಾಲಿ ಡಬ್ಬಿ ತಂದುಕೊಟ್ಟು ತುಂಬಿದ ಡಬ್ಬಿ ಒಯ್ಯಬೇಕು. ಖಾಲಿ ಡಬ್ಬಿ ಬಂತೆಂದರೆ ಗುಳಿಗೆ ಹೊಟ್ಟೆಗೆ ಹೋಯಿತೆಂದು ಲೆಕ್ಕ. ಕಮಲಾಪುರದ ಹೆಂಗಸರು ಎಂಥ ಶಿಸ್ತಿನವರೆಂದರೆ ಡಬ್ಬಿಗಳನ್ನು ತೊಳೆದು, ಒರೆಸಿ, ಬಿಸಿಲಿಗೆ ಒಣಗಿಸಿ ತಂದುಕೊಡುತ್ತಿದ್ದರು. ನೀವು ಬಂದು ನೋಡಿದಾಗ ಬಹಳ ಮೆಚ್ಚಿಕೊಂಡಿದ್ದಿರಿ. ಬೇರೆ ಊರುಗಳಲ್ಲಿ ಇಂಥ ಸಹಕಾರ ಸಿಗುವುದಿಲ್ಲ ಎಂದಿದ್ದಿರಿ.

ದುಂಡಮ್ಮ ಎಂಬ ಹೆಣ್ಣುಮಗಳು ಈ ಅಧ್ಯಯನದಲ್ಲಿದ್ದಳು. ಚಿಕ್ಕ ವಯಸ್ಸು, ಕೈಗೂಸಿನ ತಾಯಿ. ಸೇರಿದವರಲ್ಲೆಲ್ಲ ಅವಳ ರಕ್ತವೇ ತೀರ ಕಡಿಮೆ. ಗುಳಿಗೆ ಶುರುವಾಗಿ ತಿಂಗಳುಗಳಾದರೂ ಅವಳ ಕಣ್ಣಿನ ಕೆಳರೆಪ್ಪೆ ಬಿಳಿಯಾಗಿಯೇ ಇತ್ತು. ಒಂದು ದಿನ ಬೋರಿಂಗ್ ಪಂಪಿನ ಹತ್ತಿರ ತುಂಬಿದ ಕೊಡ ಎತ್ತಲು ಹೋಗಿ ಕುಸಿದು ಬಿದ್ದಳೆಂದು ಓಣಿಯವರು ಬಂದು ಹೇಳಿದರು. ನಾನು ಅವಳ ಮನೆಗೆ ಓಡಿದೆ. ದುಂಡಮ್ಮ ಚಾಪೆಯ ಮೇಲೆ ಮಲಗಿದ್ದಳು, ಮಗು ಪಕ್ಕದಲ್ಲಿ ಅಳುತ್ತಿತ್ತು. ದಿನಾ ಗುಳಿಗೆ ನುಂಗುತ್ತಿದ್ದೀಯಾ ಎಂದು ಕೇಳಿದೆ. ಅವಳು ನನ್ನತ್ತ ನೋಡದೆ ಅತ್ತೆಯತ್ತ ನೋಡಿದಳು.

ಅತ್ತೆ ಅನ್ನಮ್ಮ. ಎತ್ತರದ ಆಳು, ಮನೆಯ ಮೇಲೆ ಪೂರ್ತಿ ಹಿಡಿತ. ಆಕೆ ಗೋಡೆಯ ಮಾಡದಿಂದ ಒಂದು ಸ್ಟೀಲ್ ಡಬ್ಬಿ ಇಳಿಸಿ ನನ್ನ ಮುಂದಿಟ್ಟಳು. ತುಂಬ ಗುಳಿಗೆ.

"ಇದರಾಗ ಯಾರ ಗುಳಿಗಿ ಅವ?" ಎಂದೆ.

"ಎಲ್ಲಾರವೂ ಅವರಿ. ಹಿರೇ ಸೊಸಿಗಿ ಕೊಟ್ಟಿದ್ದೂ ಇದರಾಗೇ, ಈ ಸಣ್ಣಾಕಿಗಿ ಕೊಟ್ಟಿದ್ದೂ ಇದರಾಗೇ. ಎರಡೂ ಡಬ್ಬಿ ತಂದ ದಿನಾನೇ ಇದರಾಗ ಸುರೀತೀನಿ."

"ಮತ್ತ ದಿನಾ ಯಾರಿಗಿ ಕೊಡ್ತೀರಿ?"

"ಮೂವರಿಗೂ ಕೊಡ್ತೀನ್ರಿ, ಪಾಳಿ ಹಚ್ಚೀನಿ. ಇವತ್ತ ಇಬ್ಬರಿಗಿ, ನಾಳಿ ಬಿಟ್ಟಾಕಿಗಿ ಮೊದಲ. ನೀವು ಇಬ್ಬರಿಗಿ ಕೊಟ್ಟು ನಡುವಿನಾಕಿಗಿ ಬಿಟ್ರಿ. ಆಕಿ ಏನು ಪಾಪ ಮಾಡ್ಯಾಳ? ನಾನೂ ಹಂಗೇ ಬಿಟ್ರ ಈ ಮನ್ಯಾಗ ನಾಳಿಗಿ ಮೂರು ಒಲಿ ಉರೀತಾವ. ನನ್ನ ಕೈಲೆ ಒಂದು ಗುಳಿಗಿ ಹೆಚ್ಚು ಕಮ್ಮಿ ಆಗಿಲ್ಲ, ಬೇಕಾದ್ರ ಅವರನ್ನೇ ಕೇಳ್ರಿ."

ಆಕೆಯ ಮುಖದಲ್ಲಿ ತಪ್ಪು ಮಾಡಿದ ಅಳುಕು ಇರಲಿಲ್ಲ, ಹೆಮ್ಮೆಯಿತ್ತು. ನಡುವಿನ ಸೊಸೆಯ ರಕ್ತ ಚೆನ್ನಾಗಿಯೇ ಇದ್ದದ್ದರಿಂದ ನಾವು ಅವಳನ್ನು ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಹಿರಿಯ ಸೊಸೆಯದು ಒಂದು ಗುಂಪು, ದುಂಡಮ್ಮನದು ಇನ್ನೊಂದು. ನಿಮ್ಮ ವಿಜ್ಞಾನ ಅಷ್ಟು ಜತನದಿಂದ ಬೇರೆ ಮಾಡಿದ್ದನ್ನು ಅನ್ನಮ್ಮ ಮನೆ ಒಡೆಯಬಾರದೆಂದು ಒಂದು ಮಾಡಿಟ್ಟಿದ್ದಳು. ನನಗೆ ನಗು ಬಂತು. ಆಕೆಯನ್ನು ಬೈಯಲು ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲೂ ಪಂಢರಪುರದಿಂದ ಯಾರಾದರೂ ಪ್ರಸಾದ ತಂದರೆ ಅದು ನೆಟ್ಟಗೆ ನನ್ನ ಅತ್ತೆಯ ಕೈಗೆ ಹೋಗುತ್ತದೆ, ಅವರ ಕೈಯಿಂದ ನಮಗೆ ಬರುತ್ತದೆ. ಹೊರಗಿನಿಂದ ಬಂದ ಒಳ್ಳೆಯ ವಸ್ತುವನ್ನು ಸೊಸೆಯೊಬ್ಬಳು ತನ್ನ ಟ್ರಂಕಿನಲ್ಲಿಟ್ಟುಕೊಂಡು ಒಬ್ಬಳೇ ತಿಂದರೆ ಈ ಸೀಮೆಯಲ್ಲಿ ಅವಳಿಗೆ ಏನೆನ್ನುತ್ತಾರೆ ಎಂದು ನಿಮಗೂ ಗೊತ್ತಿರಬೇಕು. ನೀವೂ ಇಲ್ಲಿಯವರೇ ಅಲ್ಲವೇ?

ಅನಂತರ ಒಂದೊಂದೇ ಮನೆಗೆ ಹೋದೆ. ಕೂಡು ಕುಟುಂಬ ಇದ್ದಲ್ಲೆಲ್ಲ ಇದೇ ಕಥೆ. ಒಂದು ಮನೆಯಲ್ಲಿ ಡಬ್ಬಿಯ ಬದಲು ಬಟ್ಟೆಯ ಗಂಟು, ಇನ್ನೊಂದು ಮನೆಯಲ್ಲಿ ಉಪ್ಪಿನಕಾಯಿಯ ಹಳೆಯ ಭರಣಿ. ಚಾಂದಬಿ ಎಂಬಾಕೆಯ ಮನೆಯಲ್ಲಿ ತವರಿಗೆ ಬಂದ ಮಗಳಿಗೂ ಒಂದು ಪಾಲು ಹೋಗಿತ್ತು. ಬರಿಗೈಯಲ್ಲಿ ಹೆಂಗ ಕಳಸ್ಲಿ ಎಂದಳು ಚಾಂದಬಿ. ಅತ್ತೆಯಿಲ್ಲದ, ನಾದಿನಿಯಿಲ್ಲದ, ಬೇರೆ ಒಲೆ ಹೂಡಿದ ಕೆಲವೇ ಮನೆಗಳಲ್ಲಿ ಮಾತ್ರ ನಿಮ್ಮ ನಿಯಮ ನಿಯಮದಂತೆ ನಡೆದಿತ್ತು. ನಿಮ್ಮ ದಪ್ಪ ನಿಯಮಾವಳಿಯನ್ನು ಮತ್ತೆ ತೆಗೆದು ಓದಿದೆ. ಅದರಲ್ಲಿ ವೈದ್ಯರಿದ್ದಾರೆ, ರೋಗಿಯಿದ್ದಾಳೆ, ಸಾಕ್ಷಿಯಿದ್ದಾರೆ, ಮೇಲ್ವಿಚಾರಕರಿದ್ದಾರೆ. ಅತ್ತೆ ಎಲ್ಲಿಯೂ ಇಲ್ಲ. ಅತ್ತೆಯನ್ನು ಕೇಳದೆ ಕಮಲಾಪುರದಲ್ಲಿ ಒಂದು ಗುಳಿಗೆ ಅಲುಗಾಡುತ್ತದೆಂದು ನಂಬಿದವರು ಯಾವ ಊರಿನವರೋ ಕಾಣೆ.

ದುಂಡಮ್ಮನನ್ನು ವಾರಕ್ಕೆರಡು ಸಲ ಬರುವ ನಮ್ಮ ದವಾಖಾನೆಯ ವೈದ್ಯರಿಗೆ ತೋರಿಸಿದೆ. ಅವರು ಅವಳನ್ನು ಅಧ್ಯಯನದಿಂದ ತೆಗೆಯಲು ಹೇಳಿ ಮಾಮೂಲಿ ಹಳೆಯ ಗುಳಿಗೆಯ ಪೂರ್ತಿ ಪ್ರಮಾಣ ಬರೆದುಕೊಟ್ಟರು. ಡಬ್ಬಿ ಮನೆಗೆ ಕಳಿಸಲಿಲ್ಲ. ದಿನಾ ದವಾಖಾನೆಗೆ ಬಾ, ನನ್ನೆದುರಿಗೇ ನುಂಗು ಎಂದೆ. ಅನ್ನಮ್ಮ ಮೊದಲು ಮುಖ ಸಿಂಡರಿಸಿದಳು. ಆಮೇಲೆ ಸೊಸೆಯ ಕೂಸನ್ನು ಎತ್ತಿಕೊಂಡು ತಾನೇ ಜೊತೆಗೆ ಬರತೊಡಗಿದಳು. ನಿಧಾನಕ್ಕೆ ದುಂಡಮ್ಮನ ಮುಖಕ್ಕೆ ಕಳೆ ಬಂತು. ಇದನ್ನೆಲ್ಲ ನಾನು ವರದಿಯಲ್ಲಿ ಬರೆದು, ಮನೆಮನೆಯ ಸಂಗತಿಯನ್ನೂ ಸೇರಿಸಿ ನಿಮಗೆ ಒಪ್ಪಿಸಿದೆ. ನಿಜ ಹೇಳಲೇ? ಶಹಬ್ಬಾಸ್ ಎನ್ನುತ್ತೀರೆಂದು ಕಾದಿದ್ದೆ. ಸಂಶೋಧನೆಯೆಂದರೆ ಇದೇ ಅಲ್ಲವೇ, ಯಾರಿಗೂ ಗೊತ್ತಿಲ್ಲದ್ದು ಗೊತ್ತಾಗುವುದು?

ನೀವು ಕನ್ನಡಕ ತೆಗೆದು ಹೇಳಿದಿರಿ: "ಸಿಸ್ಟರ್, ಖಾಲಿ ಡಬ್ಬಿ ವಾಪಸ್ ಬಂದಾವ ಇಲ್ಲೋ? ಬಂದಾವಲ್ಲ. ಅದೇ ಪುರಾವೆ. ಅವರ ಮನ್ಯಾಗ ಹೊಕ್ಕು ನೋಡಂತ ನಿಮಗ ಯಾರು ಹೇಳಿದ್ರು?"

ಆಮೇಲೆ ನಿಮ್ಮ ವರದಿ ಬಂತು. ಎರಡೂ ಗುಂಪಿನ ಹೆಂಗಸರ ರಕ್ತ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಏರಿದೆ, ಆದ್ದರಿಂದ ಹೊಸ ಗುಳಿಗೆ ಹಳೆಯ ಗುಳಿಗೆಗೆ ಸಮಾನ ಎಂದು ಅದರ ತೀರ್ಮಾನ. ಸಮಾನವಾಗದೆ ಏನಾಗುತ್ತದೆ ಸ್ವಾಮಿ? ಎರಡೂ ಗುಂಪಿನವರು ತಿಂದದ್ದು ಒಂದೇ ಡಬ್ಬಿಯಿಂದ! ಅದಕ್ಕಿಂತ ದೊಡ್ಡ ಪವಾಡ ದುಂಡಮ್ಮನದು. ಗುಂಪುಗಳ ಗುಟ್ಟು ಬಿಚ್ಚಿದಾಗ ಅವಳದು ಹೊಸ ಗುಳಿಗೆಯ ಗುಂಪೆಂದು ತಿಳಿಯಿತು. ನಾನು ಅವಳನ್ನು ಅಧ್ಯಯನದಿಂದ ತೆಗೆದಿದ್ದೇನೆಂದು ಬರೆದಿದ್ದ ಸಾಲು ವರದಿಯಲ್ಲಿ ಮಾಯವಾಗಿತ್ತು. ನನ್ನೆದುರಿಗೆ ಹಳೆಯ ಗುಳಿಗೆ ನುಂಗಿ ಏರಿದ ಅವಳ ರಕ್ತ ಹೊಸ ಗುಳಿಗೆಯ ಖಾತೆಗೆ ಜಮೆಯಾಗಿತ್ತು. ಎಲ್ಲಕ್ಕಿಂತ ಚೆನ್ನಾಗಿ ಗುಣವಾದವಳು ಅವಳೇ ಎಂದು ಹೊಗಳಿಕೆ ಬೇರೆ. ಕೊನೆಯ ಪುಟದಲ್ಲಿ ನನ್ನ ಸಹಿಗೆ ಜಾಗ ಬಿಟ್ಟಿತ್ತು: ಎಲ್ಲ ಗುಳಿಗೆಗಳನ್ನೂ ಆಯಾ ರೋಗಿಗಳೇ ಸೇವಿಸಿದ್ದಾರೆಂದು ನನ್ನ ಪ್ರತ್ಯಕ್ಷ ತಿಳಿವಳಿಕೆಯಿಂದ ದೃಢೀಕರಿಸುತ್ತೇನೆ.

ನಾನು ಸಹಿ ಹಾಕಲಿಲ್ಲ. ಅಂದಿನಿಂದ ಶುರುವಾಯಿತು ಈ ಗಾಣ.

ನೌಕರಿ ಬಿಡುತ್ತೇನೆ, ಕಾಗದ ಕೊಡಿ ಎಂದು ಒಂದು ದಿನ ಬೆಳಿಗ್ಗೆ ಕಲಬುರಗಿಯ ನಿಮ್ಮ ಆಸ್ಪತ್ರೆಯ ಕೋಣೆಗೆ ಬಂದೆ. ಬಾಗಿಲ ಮೇಲೆ ಅಧೀಕ್ಷಕರು ಎಂಬ ಫಲಕ. ಇದು ಶೈಕ್ಷಣಿಕ ವಿಷಯ, ನನ್ನ ವ್ಯಾಪ್ತಿಗೆ ಬರುವುದಿಲ್ಲ, ಅಧ್ಯಯನ ಕೇಂದ್ರದ ನಿರ್ದೇಶಕರನ್ನು ಕೇಳಿ ಎಂದಿರಿ. ಸರಿ ಎಂದು ಆಟೋ ಹಿಡಿದು ಸೂಪರ್ ಮಾರ್ಕೆಟ್‌ಗೆ ಹೋದೆ. ಗದ್ದಲದಲ್ಲಿ ಆಟೋ ಸಿಕ್ಕಿಬಿತ್ತು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ನೀವು ಕಾರಿನಲ್ಲಿ ಬಂದು ಅಲ್ಲಿನ ಕುರ್ಚಿಯಲ್ಲಿ ಕುಳಿತಿದ್ದಿರಿ. ಮೊದಲ ಸಲ ನೋಡುತ್ತಿರುವವರಂತೆ ಏನು ವಿಷಯ ಎಂದು ಕೇಳಿದಿರಿ. ಹೇಳಿದೆ. ಇದು ಸೇವಾ ವಿಷಯ, ಅಧೀಕ್ಷಕರ ಒಪ್ಪಿಗೆಯಿಲ್ಲದೆ ನಾನೇನೂ ಮಾಡುವಂತಿಲ್ಲ ಎಂದಿರಿ. "ಹಂಗಾದ್ರ ಅವರನ್ನ ಕೇಳ್ರಿ ಸರ್, ನಾ ಇಲ್ಲೇ ಕೂತಿರ್ತೇನಿ" ಎಂದೆ. ನಿಮಗೆ ನಗು ಬರಲಿಲ್ಲ. ಕೆಳಗೆ ಸೀರೆ ಅಂಗಡಿಯವರು ಯಾರಿಗೋ ಸೆರಗು ಬಿಚ್ಚಿ ತೋರಿಸುತ್ತಿದ್ದರು. ನಾನು ಆ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ನನ್ನ ಸ್ಥಿತಿ ಓದುಗರಿಗೂ ತಿಳಿಯಲಿ. ರಾಜೀನಾಮೆ ಅಂಗೀಕಾರವಾಗಬೇಕಾದರೆ ಕೋರ್ಸ್ ಮುಗಿದಿರಬೇಕು. ಕೋರ್ಸ್ ಮುಗಿಯಬೇಕಾದರೆ ಇದೇ ಅಧ್ಯಯನದ ಮೇಲಿನ ನನ್ನ ಪ್ರಬಂಧ ಒಪ್ಪಿತವಾಗಬೇಕು. ಪ್ರಬಂಧ ಒಪ್ಪಿತವಾಗಬೇಕಾದರೆ ಮಾರ್ಗದರ್ಶಕರು ಸಹಿ ಮಾಡಬೇಕು. ಮಾರ್ಗದರ್ಶಕರು ಯಾರು? ಮತ್ತೆ ನೀವೇ. ಮೂರು ಬಾಗಿಲು ತಟ್ಟಿದರೂ ಒಳಗಿನಿಂದ ಒಂದೇ ಕೆಮ್ಮು ಕೇಳಿಸುತ್ತದೆ. ಕೋರ್ಟಿಗೆ ಹೋಗು ಎನ್ನುವ ಹಿತೈಷಿಗಳಿದ್ದಾರೆ. ಬುಧವಾರದೊಳಗೆ ಯಾವ ಕೋರ್ಟು ನನಗಾಗಿ ಕಣ್ಣು ಬಿಡುತ್ತದೆ? ನಕಲು ಪ್ರತಿ ತೆಗೆಸು ಎಂದವರೂ ಉಂಟು. ಅದಕ್ಕೆ ಮೂಲಪ್ರತಿ ಕಳೆದುಹೋಗಿದೆಯೆಂದು ಪೊಲೀಸರಿಗೆ ಬರೆದುಕೊಡಬೇಕು. ಕಳೆದಿಲ್ಲವಲ್ಲ! ಯಾವ ಬೀರು, ಎಷ್ಟನೆಯ ಅರೆ ಎಂದೂ ನನಗೆ ಗೊತ್ತು. ಯಾವ ದಾರಿ ಹಿಡಿದರೂ ಒಂದು ಸುಳ್ಳಿನ ಮುಂದೆಯೇ ಹೋಗಿ ನಿಲ್ಲುತ್ತೇನೆ. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಅದರ ನಡುವೆ ಎರಡು ವರ್ಷದಿಂದ ಭಾನುವಾರ ಭಾನುವಾರ ಹಾಜರಿ ಹಾಕಿದ್ದೇನೆ.

ನನ್ನ ಸಹಪಾಠಿ, ಲ್ಯಾಬ್ ಟೆಕ್ನಿಶಿಯನ್ ಶಫಿ, ನನಗಿಂತ ಜಾಣ. "ಬಾಯಿ, ಸಹಿ ಮಾಡಿ ಒಗೀರಿ, ಕಿಸ್ಸಾ ಖತಂ" ಎಂದ. "ನಂದೂ ಹಂಗೇ ಆಗಿತ್ತು. ದಿಲ್ ಸಣ್ಣದು ಮಾಡ್ಕೊಂಡ್ರ ಹೊಟ್ಟಿ ತುಂಬಲ್ರಿ. ಕಾಗಜ್ ಕೈಯಾಗ ಬಂತು, ಸೀದಾ ಹೈದ್ರಾಬಾದ್." ಅವನನ್ನು ನಾನು ದೂರುವುದಿಲ್ಲ. ಅವನಿಗೂ ಬೀರುವಿನ ಬೀಗ ನೀವೇ ತೋರಿಸಿದ್ದಿರಿ.

ಗಂಡನೂ ಮೊದಲು ಅದನ್ನೇ ಹೇಳಿದರು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು, "ಮಥುರಾ, ಒಂದು ಸಹಿ ಸಲುವಾಗಿ ಸಂಸಾರ ಎಷ್ಟು ದಿವಸ ಹಿಂಗ ನಡಸೋದು? ಅವ್ವಗೂ ವಯಸ್ಸಾತು. ಸರ್ಕಾರಿ ನೌಕರಿ ಬಂದ್ರ ಊರಾಗೇ ಇರ್ತಿದ್ದಿ" ಎಂದರು. ತಪ್ಪೇನಿದೆ ಅದರಲ್ಲಿ? ನಾನು ಅನ್ನಮ್ಮನ ಡಬ್ಬಿಯ ಕಥೆ ಹೇಳಿದೆ. ಅವರು ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ, "ಎರಡು ಚೀಲದ ತೊಗರಿ ಕಲಸಿದ ಮ್ಯಾಲೆ ಯಾವುದಕ್ಕ ಯಾವ ದರ ಅಂತ ಗಂಜಿನ್ಯಾಗ ಯಾರೂ ಹೇಳಾಂಗಿಲ್ಲ. ನಿಮ್ಮ ಸಾಹೇಬ್ರು ಹೆಂಗ ಹೇಳ್ಯಾರ?" ಎಂದು ಕೇಳಿದರು. ಅದರ ನಂತರ ಅವರು ಸಹಿಯ ಮಾತೆತ್ತಲಿಲ್ಲ. ಎತ್ತಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತೇನೋ.

ಇಷ್ಟಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮೊನ್ನೆ ನಿಮ್ಮ ಕಚೇರಿಯವರು ಕಮಲಾಪುರಕ್ಕೆ ಬಂದು ನಾನಿಲ್ಲದ ಹೊತ್ತಿನಲ್ಲಿ ಹೆಂಗಸರನ್ನು ಕೂಡಿಸಿ ಮಾತಾಡಿ ಹೋಗಿದ್ದಾರೆ. ಸೋಮವಾರ ದವಾಖಾನೆಯಲ್ಲಿ ಶಿಬಿರವಂತೆ. ಎಲ್ಲರೂ ಬಂದು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಂತೆ. ಕೊಟ್ಟ ಗುಳಿಗೆಯನ್ನೆಲ್ಲ ನಾವು ನಾವೇ ನುಂಗಿದ್ದೇವೆ, ಯಾರಿಗೂ ಹಂಚಿಲ್ಲ ಎಂದು ಆ ಕಾಗದದಲ್ಲಿ ಬರೆದಿದೆ. ಒತ್ತಿದರೆ ನಿಮ್ಮ ನರ್ಸ್‌ಬಾಯಿಯ ಕಾಗದಪತ್ರ ಬಿಡುಗಡೆಯಾಗುತ್ತದೆ, ಆಕೆಗೆ ಸರ್ಕಾರಿ ನೌಕರಿ ಸಿಗುತ್ತದೆ ಎಂದು ಹೇಳಿದ್ದಾರೆ. ಮಾನ್ಯರೇ, ನಿಮ್ಮ ಬುದ್ಧಿಗೆ ಕೈಮುಗಿಯಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನ್ನ ಸಹಿಯ ಜಾಗಕ್ಕೆ ನೀವು ಅವರ ಪ್ರೀತಿಯನ್ನು ಹಿಡಿದು ತಂದಿರಿ.

ಮರುದಿನ ಬೆಳಿಗ್ಗೆ ಅನ್ನಮ್ಮ ದವಾಖಾನೆಗೆ ಬಂದಳು. ಜೊತೆಗೆ ದುಂಡಮ್ಮ, ಸೊಂಟದ ಮೇಲೆ ಮಗು. ಅನ್ನಮ್ಮ ಸೆರಗಿನಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದಿದ್ದಳು.

"ನಮ್ಮ ಸಲುವಾಗಿ ನಿಮ್ಮ ಕಾಗದ ಸಿಗಬಿದ್ದಾವಂತ" ಎಂದಳು. "ನಂಗ ಮೊದಲೇ ಯಾಕ ಹೇಳಲಿಲ್ರಿ?"

"ನಿಮ್ಮ ಸಲುವಾಗಿ ಅಲ್ಲ ಅನ್ನಮ್ಮ. ನೀವು ತಪ್ಪು ಮಾಡಿಲ್ಲ. ಆ ಕಾಗದಕ್ಕ ಹೆಬ್ಬಟ್ಟ ಒತ್ತಬ್ಯಾಡ್ರಿ, ಅದರಾಗ ಇರೋದು ಖರೇ ಅಲ್ಲ."

"ಖರೇ ಅಲ್ಲ ಅನ್ನೋದು ನಂಗ ಗೊತ್ತಿಲ್ಲೇನು? ಡಬ್ಬಿ ನಂದೇ ಅಲ್ಲೇನ್ರಿ?" ಅನ್ನಮ್ಮ ಮಗುವನ್ನು ಸೊಸೆಯಿಂದ ತೆಗೆದುಕೊಂಡು ನನ್ನ ತೊಡೆಯ ಮೇಲೆ ಕೂರಿಸಿದಳು. "ನೀವು ಸುಳ್ಳು ಹೇಳಬ್ಯಾಡ್ರಿ. ನಿಮಗ ಒಗ್ಗಾಂಗಿಲ್ಲ. ನಾವು ಹೇಳ್ತೀವಿ. ಈ ಹುಡುಗಿ ಸಾಯಾಕತ್ತಿದ್ದಳು, ದಿನಾ ಕೂಡಿಸಿ ನುಂಗಿಸಿ ಎಬ್ಬಿಸೀರಿ. ನಿಮಗೊಂದು ಹೆಬ್ಬಟ್ಟ ಕೊಡಾಂಗಿಲ್ಲೇನು ನಾವು? ಎಲ್ಲಾ ಮನಿಗೂ ನಾನೇ ಹೋಗಿ ಹೇಳಿ ಬಂದೀನಿ. ಸೋಮವಾರ ಒಬ್ಬಾಕಿನೂ ತಪ್ಪಿಸಾಂಗಿಲ್ಲ."

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ನೀವು ಸುಮ್ಮಕಿರ್ರಿ" ಎಂದಳು. ಆಕೆ ಹಾಗೆಂದರೆ ಆಕೆಯ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ಅವರು ಹೋದ ಮೇಲೆ ನಾನು ಬಹಳ ಹೊತ್ತು ಆ ಮಾತನ್ನೇ ಯೋಚಿಸಿದೆ. ಸುಮ್ಮನಿದ್ದರೆ ಸಾಕು. ಸಹಿ ನಾನು ಹಾಕಬೇಕಿಲ್ಲ, ಸುಳ್ಳು ನನ್ನ ಬಾಯಿಂದ ಬರಬೇಕಿಲ್ಲ. ಸೋಮವಾರ ಶಿಬಿರ, ಮಂಗಳವಾರ ಕಾಗದ, ಬುಧವಾರ ಪರಿಶೀಲನೆ. ಆಮೇಲೆ ನನ್ನ ಮನೆಯಲ್ಲಿ ನಾನೇ ಒಲೆ ಹಚ್ಚಬಹುದು, ಸಂಜೆ ಗಂಜಿನಿಂದ ಬಂದ ಗಂಡನಿಗೆ ಬಾಗಿಲು ತೆಗೆಯಬಹುದು. ನನಗೆ ಆಸೆಯಾಯಿತು, ಬಹಳ ಆಸೆಯಾಯಿತು. ಆಗಲಿಲ್ಲವೆಂದು ಬರೆದರೆ ಈ ಪತ್ರವೂ ನಿಮ್ಮ ವರದಿಯ ಹಾಗೇ ಆಗುತ್ತದೆ.

ಆದರೆ ಮಾನ್ಯರೇ, ನಿಮ್ಮ ಹೊಸ ಗುಳಿಗೆ ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಕಮಲಾಪುರದಲ್ಲಿ ಅದನ್ನು ತಿಳಿಯುವ ದಾರಿಯೇ ಇರಲಿಲ್ಲ. ಆ ವರದಿಯ ಬಲದ ಮೇಲೆ ನಾಳೆ ಆಳಂದದಲ್ಲೋ ಸೇಡಂನಲ್ಲೋ ಇನ್ನೊಬ್ಬ ದುಂಡಮ್ಮನಿಗೆ ಅದನ್ನೇ ಕೊಡುತ್ತಾರೆ. ಅದು ಕೆಲಸ ಮಾಡದಿದ್ದರೆ ಅವಳು ಕೊಡ ಎತ್ತುವಾಗ ಬೀಳುತ್ತಾಳೆ. ಗುಳಿಗೆ ಸರಿಯಾಗಿದೆ, ಕಮಲಾಪುರದ ಹೆಂಗಸರು ಹೆಬ್ಬೆಟ್ಟು ಒತ್ತಿ ಹೇಳಿದ್ದಾರೆ ಎಂದು ಅಲ್ಲಿನ ನರ್ಸ್ ನಂಬಿರುತ್ತಾಳೆ. ಆ ನರ್ಸ್ ಓಡಿಹೋಗಿ ಡಬ್ಬಿ ಇಳಿಸಿ ನೋಡುವುದಿಲ್ಲ. ನೋಡುವ ಕಾರಣವೇ ಇರುವುದಿಲ್ಲ.

ಅದಕ್ಕೇ ಈ ಪತ್ರ ಭಾನುವಾರದ ಪತ್ರಿಕೆಗೆ. ಇದು ಅಚ್ಚಾದ ಮೇಲೆ ಸೋಮವಾರದ ಹೆಬ್ಬೆಟ್ಟುಗಳಿಗೆ ಕವಡೆ ಕಿಮ್ಮತ್ತಿಲ್ಲ ಎಂದು ನನಗೆ ಗೊತ್ತು. ಬುಧವಾರ ನನ್ನ ಹೆಸರು ಕೂಗಿದಾಗ ಅಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ ಎಂಬುದೂ ಗೊತ್ತು. ಗೋಪಾಲರಾವ್ ಈ ಪತ್ರವನ್ನು ಓದಿದ್ದಾರೆ. ಅಂಚೆಗೆ ಹಾಕಲು ತಾವೇ ಒಯ್ಯುತ್ತಾರಂತೆ.

ನನ್ನ ಬೇಡಿಕೆ ಹೀಗಿದೆ. ಸೋಮವಾರದ ಶಿಬಿರವನ್ನು ರದ್ದು ಮಾಡಿ. ವರದಿಯನ್ನು ಹಿಂದಕ್ಕೆ ಪಡೆದು, ನಡೆದದ್ದು ನಡೆದಂತೆ ಬರೆಯಿರಿ. ಆ ಅಧ್ಯಯನಕ್ಕೆ ಸೇರಿದ ಪ್ರತಿ ಹೆಂಗಸಿನ ರಕ್ತವನ್ನೂ ಇನ್ನೊಮ್ಮೆ ಪರೀಕ್ಷಿಸಿ, ಕಡಿಮೆ ಇದ್ದವರಿಗೆ ಖಾತ್ರಿಯಾದ ಔಷಧಿ ಕೊಡಿ. ಮುಂದಿನ ಅಧ್ಯಯನಕ್ಕೆ ಮೊದಲು ಅತ್ತೆಯರನ್ನು ಕೂಡಿಸಿ ಕೇಳಿ. ಅವರು ನಿಮ್ಮ ಯಾವ ಸಮಿತಿಗಿಂತಲೂ ಚೆನ್ನಾಗಿ ಸಲಹೆ ಕೊಡುತ್ತಾರೆ. ನನ್ನ ಕಾಗದಗಳನ್ನು ಬುಧವಾರಕ್ಕೆ ಮೊದಲು ಕೊಟ್ಟರೆ ಬಂದು ತೆಗೆದುಕೊಳ್ಳುತ್ತೇನೆ, ಧನ್ಯವಾದವನ್ನೂ ಹೇಳುತ್ತೇನೆ. ಕೊಡದಿದ್ದರೆ ಬುಧವಾರ ಬೆಳಿಗ್ಗೆ ಎಂದಿನಂತೆ ದವಾಖಾನೆಯ ಬಾಗಿಲು ತೆರೆಯುತ್ತೇನೆ. ಗುರುವಾರವೂ ತೆರೆಯುತ್ತೇನೆ. ಹೆಂಗಸರು ಬಂದು ನನ್ನೆದುರಿಗೆ ಗುಳಿಗೆ ನುಂಗುತ್ತಾರೆ, ಯಾರು ಏನು ನುಂಗಿದರೆಂದು ಇದ್ದದ್ದು ಇದ್ದಂತೆ ಬರೆಯುತ್ತೇನೆ, ಕೇಳಿದವರಿಗೆ ಓದಿಯೂ ಹೇಳುತ್ತೇನೆ. ಇಂಥವಳನ್ನು ಕೆಲಸದಿಂದ ತೆಗೆದುಹಾಕಬೇಕೆಂದು ನಿಮಗೆ ಅನ್ನಿಸಬಹುದು. ಅವಶ್ಯ ತೆಗೆಯಿರಿ. ತೆಗೆದ ದಿನ ನಿಮ್ಮದೇ ನಿಯಮದ ಪ್ರಕಾರ ನನ್ನ ಮೂಲಪ್ರತಿಗಳನ್ನು ನನ್ನ ಕೈಗೆ ಕೊಟ್ಟು ಕಳಿಸಬೇಕಾಗುತ್ತದೆ.

ಇಂತಿ,
ನೀವು ಬಿಡಲಾರದ, ಇಟ್ಟುಕೊಳ್ಳಲಾರದ ನೌಕರಳು
ಮಥುರಾಬಾಯಿ, ನರ್ಸ್
ಕಮಲಾಪುರ, 2007